ಮೀಸೆ ಥೀಸಿಸ್

ಅವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಅಂಗೈಯಗಲದ ಒಂದು ಪೊಟ್ಟಣ. ಆಂಡರ್ಸನ್‌ಪೇಟೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಅಂಬಿಕ ಬುಧವಾರ ಸಂಜೆ ಅದನ್ನು ತಂದು ಪಕ್ಕದ ಮನೆಯ ಬಚ್ಚಪ್ಪನ ಕೈಗಿಟ್ಟಳು.

"ನಾಳೆ ನಿಮ್ಮನ್ನ ಸಿನಿಮಾ ತೆಗೆಯೋಕೆ ಬತ್ತಾರಂತಲ್ಲ ತಾತ. ಇದನ್ನ ಮೀಸೆಗೆ ಅಚ್ಚಿ, ಅರ್ಧ ಗಂಟೆ ಬಿಟ್ಟು ತೊಳ್ಕಳಿ. ಇಪ್ಪತ್ತು ವರ್ಷ ಅಂಗೇ ಇಳಿದೋಯ್ತದೆ."

ಸಿನಿಮಾ ತೆಗೆಯಲು ಬರಲಿದ್ದವಳು ಲಿಖಿತ. ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಬೆಂಗಳೂರಿನ ಕಾಲೇಜೊಂದರಲ್ಲಿ ಡಿಜಿಟಲ್ ಮೀಡಿಯಾ ಓದುತ್ತಿದ್ದಳು. ದಿನಾ ರೈಲಿನಲ್ಲೇ ಓಡಾಟ, ಹಾಗಾಗಿ ಎರಡು ವರ್ಷದಲ್ಲಿ ಅವಳು ಕೂತು ಓದಿದ್ದಕ್ಕಿಂತ ನಿಂತು ತೂಕಡಿಸಿದ್ದೇ ಹೆಚ್ಚು. ಕೊನೆಯ ಸೆಮಿಸ್ಟರಿನ ಥೀಸಿಸ್‌ಗೆ ಆರು ನಿಮಿಷದ ಸಾಕ್ಷ್ಯಚಿತ್ರ ಮಾಡಬೇಕಿತ್ತು. ಸೋಮವಾರ ಒಂದು ಸ್ಟುಡಿಯೋದವರು ಕಾಲೇಜಿಗೆ ಬಂದು, ಎಲ್ಲರ ಪೋರ್ಟ್‌ಫೋಲಿಯೊ ನೋಡಿ ಇಬ್ಬರನ್ನು ಕೆಲಸಕ್ಕೆ ಆರಿಸಿಕೊಳ್ಳುವವರಿದ್ದರು. ಲಿಖಿತಳ ಪೋರ್ಟ್‌ಫೋಲಿಯೊದಲ್ಲಿ ತೋರಿಸುವಂಥದ್ದು ಇದ್ದರೆ ಈ ಚಿತ್ರವೊಂದೇ.

ಚಿತ್ರದ ನಾಯಕ ಬಚ್ಚಪ್ಪ, ಅವಳ ಅಮ್ಮನ ಚಿಕ್ಕಪ್ಪ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯೊಳಗೆ ಮೂವತ್ತು ವರ್ಷ ದುಡಿದು, ಗಣಿ ಮುಚ್ಚಿದ ಮೇಲೂ ಅಲ್ಲಿನ ಕಾರ್ಮಿಕರ ಲೈನ್ ಮನೆಯಲ್ಲೇ ಉಳಿದವನು. ಅವನ ಹೆಮ್ಮೆಯೆಲ್ಲ ಮೀಸೆಯಲ್ಲಿತ್ತು. ಹಿಂಜಿದ ಹತ್ತಿಯಂತೆ ಬೆಳ್ಳಗೆ, ಎರಡು ಕೆನ್ನೆಗೂ ಹಂಚುವಷ್ಟು ದಂಡಿಯಾದ ಮೀಸೆ. ಹಿಂದಿನ ಭಾನುವಾರ ಲಿಖಿತ ಅವನಿಂದ ಗಣಿ ಮುಚ್ಚಿದ ದಿನದ ಕತೆ ಹೇಳಿಸಿ ಎರಡು ನಿಮಿಷ ಚಿತ್ರಿಸಿದ್ದಳು. ಮಾದರಿಗೆಂದು ಕಳಿಸಿದ ಒಂದು ತುಣುಕನ್ನು ನೋಡಿದ ಥೀಸಿಸ್ ಗೈಡ್ ನಂದಕುಮಾರ್, "ಆ ಮೀಸೆ ಇದೆಯಲ್ಲ, ಅದೇ ನಿಮ್ಮ ಸಿನಿಮಾ. ಅದನ್ನು ಮಾತ್ರ ಬಿಡಬೇಡಿ" ಎಂದಿದ್ದರು.

ಉಳಿದ ನಾಲ್ಕು ನಿಮಿಷವನ್ನು ಗುರುವಾರ ಚಿತ್ರಿಸಿ, ಎಡಿಟ್ ಮಾಡಿ, ಸಂಜೆ ಐದರೊಳಗೆ ಕಾಲೇಜಿನ ವೆಬ್‌ಸೈಟಿಗೆ ಏರಿಸಬೇಕಿತ್ತು. ಲಿಖಿತ ಬೆಳಿಗ್ಗೆ ಮಾರಿಕುಪ್ಪಂ ರೈಲು ಹಿಡಿದು ಬಂದಳು. ಹೆಗಲ ಮೇಲೆ ಟ್ರೈಪಾಡ್ ಇಟ್ಟುಕೊಂಡು ಸಾಲುಮನೆಗಳ ಓಣಿಗೆ ತಿರುಗಿದಾಗ, ಬಚ್ಚಪ್ಪ ಜಗಲಿಯ ಮೇಲೆ ಹಸೆಗೆ ಕೂತ ಮದುಮಗನಂತೆ ಕೂತಿದ್ದ. ಮೂಗಿನ ಕೆಳಗೆ ಎರಡು ಕಾಗೆಗಳು ಎದುರುಬದುರಾಗಿ ಕೂತಂತಿತ್ತು.

"ಎಂಗೈತಮ್ಮ?" ಎಂದು ಬಚ್ಚಪ್ಪ ಮುಖ ಎತ್ತಿದ.

ಟ್ರೈಪಾಡ್ ಹೆಗಲಿನಿಂದ ಜಾರಿ ಲಿಖಿತಳ ಕಾಲ ಮೇಲೆ ಬಿತ್ತು. "ತಾತಾ! ಇದೇನ್ ಮಾಡ್ಕೊಂಡೆ?"

"ಬಣ್ಣ ಆಕ್ಕಂಡೆ. ದೊಡ್ಡ ಮನುಷ್ಯರೆಲ್ಲ ನೋಡೋವಾಗ ಮುದುಕನಂಗಿದ್ರೆ ನಿಂಗೇ ಅಲ್ವಾ ಅವಮಾನ?"

"ಭಾನುವಾರ ಬಿಳಿ ಮೀಸೆ, ಇವತ್ತು ಕರಿ ಮೀಸೆ. ನೋಡ್ದೋರು ಏನಂತಾರೆ?"

"ಭಾನುವಾರ ವಯಸ್ಸಾಗಿತ್ತು, ಗುರುವಾರಕ್ಕೆ ವಾಸಿಯಾಯ್ತು ಅಂತಾರೆ" ಎಂದಳು ಒಳಗಿನಿಂದ ಬಚ್ಚಪ್ಪನ ಹೆಂಡತಿ ಮುನಿನಾರಾಯಣಮ್ಮ. "ಬೆಳಗಿಂದ ಕನ್ನಡಿ ಬಿಟ್ಟು ಎದ್ದಿಲ್ಲ ಈ ಮನುಷ್ಯ."

ಸೋಪು ಹಾಕಿ ಉಜ್ಜಿದ್ದಾಯಿತು, ಕೊಬ್ಬರಿ ಎಣ್ಣೆ ತಿಕ್ಕಿದ್ದಾಯಿತು. ಮೀಸೆ ಇನ್ನಷ್ಟು ಮಿರಮಿರ ಮಿಂಚಿತು. ಸರಿ, ಧ್ವನಿಯಾದರೂ ಸಿಗಲಿ ಎಂದು ಲಿಖಿತ ಫೋನನ್ನು ಟ್ರೈಪಾಡಿಗೆ ಸಿಕ್ಕಿಸಿ ಗಣಿ ಕೆಲಸದ ಮಾತು ತೆಗೆದಳು. ಬಣ್ಣದ ಮಹಿಮೆಯೋ ಏನೋ, ಬಚ್ಚಪ್ಪ ಎದೆಯುಬ್ಬಿಸಿ, ಬಂಡೆಗೆ ತೂತು ಕೊರೆದದ್ದು, ಸಿಡಿಮದ್ದು ಇಟ್ಟು ಓಡಿದ್ದು, ಮೇಸ್ತ್ರಿಗೆ ಎದುರು ಮಾತಾಡಿದ್ದು ಎಲ್ಲವನ್ನೂ ಕುಸ್ತಿ ಪೈಲ್ವಾನನ ಗತ್ತಿನಲ್ಲಿ ಹೇಳಿದ. ಎರಡು ನಿಮಿಷ ಚೆನ್ನಾಗೇ ಬಂತು. ಮೀಸೆ ಮಾತ್ರ ಬೇರೆ ಯಾರದೋ ಆಗಿತ್ತು.

ಅಷ್ಟರಲ್ಲಿ ಎದುರುಮನೆಯ ಸೀನಪ್ಪ ಓಣಿ ದಾಟಿ ಬಂದ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಎಲ್ಲೇ ಬಣ್ಣದ ಮಾತು ಬಂದರೂ ತನ್ನನ್ನು ಕರೆದಂತೆ ಎಂದು ತಿಳಿದಿದ್ದವನು.

"ಕರ್ರಗಿರೋದನ್ನ ಬೆಳ್ಳಗೆ ಮಾಡಕ್ಕೆ ಇಷ್ಟು ಯೋಚ್ನೆನಾ? ಸ್ಕೂಲ್ ನಾಟಕದಾಗೆ ಏಳನೇ ಕ್ಲಾಸ್ ಹುಡುಗ್ರನ್ನ ಭೀಷ್ಮ ಮಾಡಿದೋನು ನಾನು. ಅಮ್ಮಾ, ಅಕ್ಕಿಹಿಟ್ಟು ತತ್ತೀಯಾ?"

ಒಳಗಿನಿಂದ ಅಕ್ಕಿಹಿಟ್ಟು ಬಂತು. ಎಣ್ಣೆ ಮೀಸೆಗೆ ಅದು ಚೆನ್ನಾಗಿಯೇ ಹಿಡಿಯಿತು. ಲಿಖಿತ ಮತ್ತೆ ಕ್ಯಾಮೆರಾ ಶುರು ಮಾಡಿದಳು. ಬಚ್ಚಪ್ಪ "ನಮ್ಮಪ್ಪ..." ಎಂದು ಕತೆ ಶುರು ಮಾಡಿದ್ದೇ ತಡ, ಹಿಟ್ಟು ಹೊಗೆಯಂತೆ ಎದ್ದಿತು. ಅದರ ಹಿಂದೆಯೇ ಒಂದು ಸೀನು. ಹಿಟ್ಟು ಕ್ಯಾಮೆರಾ ಕಣ್ಣಿಗೆ, ಸೀನಪ್ಪನ ಕನ್ನಡಕಕ್ಕೆ, ಅಂಗಳಕ್ಕೆಲ್ಲ ಹಾರಿತು. ಅಂಗಳದಲ್ಲಿ ಮೇಯುತ್ತಿದ್ದ ಕೋಳಿ ಇದನ್ನು ತನಗೆ ಬಂದ ಆಮಂತ್ರಣವೆಂದು ತಿಳಿದು, ಕೆಳಗೆ ಬಿದ್ದಿದ್ದನ್ನು ಮುಗಿಸಿ, ಉಳಿದದ್ದಕ್ಕಾಗಿ ಬಚ್ಚಪ್ಪನ ತೊಡೆಯೇರಿತು.

"ಏ, ತೆಗೀರ್ಲಾ ಇದನ್ನ! ಮೀಸೆಗೇ ಬಾಯಾಕ್ತದೆ!"

ಗಲಾಟೆ ಕೇಳಿ ಅಂಬಿಕ ಹೊರಗೆ ಬಂದಳು. ವಿಷಯ ತಿಳಿದು ಅವಳ ಮುಖ ಸಣ್ಣದಾಯಿತು. "ತಪ್ಪು ನಂದೇ ಲಿಖಿತ. ನಾನೇ ಸರಿ ಮಾಡ್ತೀನಿ. ಪಾರ್ಲರ್‌ನಾಗೆ ಬ್ಲೀಚ್ ಐತೆ, ಕಾಲು ಗಂಟೆ ಸಾಕು" ಎಂದು ಸ್ಕೂಟರ್ ಹತ್ತಿ ಹೋಗಿ ಡಬ್ಬಿ ತಂದೇಬಿಟ್ಟಳು.

ಕಾಲು ಗಂಟೆಯ ಮೇಲೆ ತೊಳೆದು ನೋಡಿದರೆ, ಮೀಸೆಯ ಎಡಗಡೆ ಮಾಗಿದ ಕುಂಬಳಕಾಯಿಯ ಬಣ್ಣಕ್ಕೆ ತಿರುಗಿತ್ತು. ಬಲಗಡೆಯದು ಕಾಗೆಯಾಗಿಯೇ ಉಳಿದಿತ್ತು. ಅಷ್ಟು ಹೊತ್ತಿಗೆ ಅರ್ಧ ಓಣಿ ಅಲ್ಲೇ ನೆರೆದಿತ್ತು. ಒಬ್ಬಾಕೆ ತಮಿಳಿನಲ್ಲಿ "ನಲ್ಲಾ ಇರ್ಕು" ಅಂದಳು, ಇನ್ನೊಬ್ಬ ತೆಲುಗಿನಲ್ಲಿ "ಬಾಗುಂದಿ" ಅಂದ. ಚೆನ್ನಾಗಿದೆ ಎಂಬುದು ಎರಡೂ ಭಾಷೆಯಲ್ಲಿ ಸುಳ್ಳೆಂದು ಬಚ್ಚಪ್ಪನಿಗೆ ಗೊತ್ತಾಯಿತು. ಆದರೂ ಸಹಿಸಿಕೊಂಡಿದ್ದ. ಬಾಗಿಲಲ್ಲಿ ನಿಂತ ಮುನಿನಾರಾಯಣಮ್ಮ ಸೆರಗು ಬಾಯಿಗಿಟ್ಟು ನಕ್ಕದ್ದನ್ನು ಮಾತ್ರ ಸಹಿಸಲಾಗಲಿಲ್ಲ. ದಡಕ್ಕನೆ ಎದ್ದು ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಹತ್ತು ನಿಮಿಷದ ಮೇಲೆ ಬಾಗಿಲು ತೆರೆಯಿತು.

ಮೀಸೆಯೇ ಇರಲಿಲ್ಲ.

"ಮದುವೆಯಾಗಿ ನಲವತ್ತೈದು ವರ್ಷ ಆಯ್ತು" ಎಂದಳು ಮುನಿನಾರಾಯಣಮ್ಮ ಮೆಲ್ಲಗೆ. "ಈ ಮುಖ ನಾನು ನೋಡೇ ಇರ್ಲಿಲ್ಲ."

ಗಂಟೆ ಎರಡಾಗಿತ್ತು. ಲಿಖಿತ ಫೋನಿನ ಕಣ್ಣಿಗೆ ಮೆತ್ತಿದ್ದ ಹಿಟ್ಟು ಒರೆಸಿದಳು. ಚಿತ್ರಿಸಲು ಉಳಿದಿದ್ದು ಬಚ್ಚಪ್ಪ ಗಣಿಗಿಳಿದ ಮೊದಲ ದಿನದ ಕತೆಯೊಂದೇ. "ಕೂತ್ಕೋ ತಾತ. ಏನಾದ್ರಾಗ್ಲಿ, ಹೇಳಿಬಿಡು" ಎಂದಳು.

ಬಚ್ಚಪ್ಪ ಕೂತ. ಮೀಸೆ ಇದ್ದ ಜಾಗವನ್ನು ಒಮ್ಮೆ ಸವರಿಕೊಂಡ. ದನಿ ಯಾಕೋ ಚಿಕ್ಕದಾಗಿತ್ತು.

"ಅದ್ನೆಂಟು ವರ್ಷ ನಂಗೆ. ಅಮ್ಮ ಬಟ್ಟೇಲಿ ಮುದ್ದೆ ಕಟ್ಕೊಟ್ಟಿದ್ಲು. ಗಣಿಗೆ ಇಳಿಸೋ ಕೇಜ್‌ನಾಗೆ ನಿಂತ್ಕಂಡೆ. ಅದು ಒಂದೇ ಸಲ ಕಲ್ಲು ಬಿದ್ದಂಗೆ ಕೆಳಕ್ಕೆ ಓಯ್ತು ನೋಡು, ಅಮ್ಮಾ ಅಂತ ಕಿರುಚ್ಬಿಟ್ಟೆ. ಯಾರೂ ನಗ್ಲಿಲ್ಲ. ಪಕ್ಕದಾಗಿದ್ದೋನು ಯಾರೋ, ಗುರ್ತೇ ಇಲ್ಲ, ಕತ್ಲೆಯಾಗೆ ನನ್ ಕೈ ಇಡ್ಕಂಡ. ಕೆಳಗೆ ಓಗೋತನ್ಕ ಬಿಡ್ಲಿಲ್ಲ."

ಸೀನಪ್ಪ ಹಿಟ್ಟು ಮೆತ್ತಿದ ಕನ್ನಡಕ ತೆಗೆದು ಒರೆಸಿಕೊಂಡ, ಆಮೇಲೆ ಕಣ್ಣನ್ನೂ ಒರೆಸಿಕೊಂಡ.

ಲಿಖಿತ ಜಗಲಿಯ ಮೇಲೆಯೇ ಲ್ಯಾಪ್‌ಟಾಪ್ ಬಿಚ್ಚಿದಳು. ಮೂರು ತುಣುಕನ್ನು ಪಕ್ಕಪಕ್ಕ ಇಟ್ಟಾಗ ಅವಳಿಗೆ ಥಟ್ಟನೆ ಹೊಳೆಯಿತು. ಮೊದಲ ದಿನಕ್ಕೆ ಮೀಸೆಯಿಲ್ಲ. ದುಡಿವ ವರ್ಷಗಳಿಗೆ ಕರಿ ಮೀಸೆ. ಗಣಿ ಮುಚ್ಚಿದ ದಿನಕ್ಕೆ ಬಿಳಿ ಮೀಸೆ. ಒಂದು ಇಡೀ ಬದುಕು ತಾನಾಗಿಯೇ ಸಾಲಾಗಿ ನಿಂತಿತ್ತು! ಅವಳ ಬೆರಳುಗಳು ಹಾರಾಡಿದವು. ಓಣಿಯವರೆಲ್ಲ ಹಿಂದೆ ನಿಂತು "ಇಲ್ಲಿ ಕಟ್ ಮಾಡು", "ಇಲ್ಲಿ ಕೋಳಿ ಬರ್ಲಿ" ಎನ್ನುತ್ತಿದ್ದರೂ ಕೇಳಿಸಿಕೊಳ್ಳಲಿಲ್ಲ. ನೆಟ್‌ವರ್ಕ್ ಹುಡುಕಿ ಸೀನಪ್ಪನ ಮನೆಯ ತಾರಸಿ ಹತ್ತಿ, ಐದಕ್ಕೆ ನಾಲ್ಕು ನಿಮಿಷವಿದೆ ಎನ್ನುವಾಗ ಚಿತ್ರವನ್ನೂ, ಬಚ್ಚಪ್ಪ ಸಹಿ ಹಾಕಿದ ಒಪ್ಪಿಗೆ ಪತ್ರವನ್ನೂ ಕಳಿಸಿಬಿಟ್ಟಳು. ಅಂಬಿಕ ಎಲ್ಲರಿಗೂ ಟೀ ಕೊಟ್ಟಳು.

ಎರಡನೇ ಸುತ್ತಿನ ಟೀ ಮುಗಿಯುವ ಮೊದಲೇ ನಂದಕುಮಾರ್ ಫೋನು ಬಂತು.

"ಅದ್ಭುತ ಲಿಖಿತಾ! ಸ್ಟುಡಿಯೋದವರಿಗೂ ಈಗಲೇ ಕಳಿಸಿ ತೋರಿಸಿದೆ. ಕುಣಿದುಬಿಟ್ಟರು. ಇಂಥ ಮೂವರು ಅಣ್ಣತಮ್ಮಂದಿರನ್ನು ಎಲ್ಲಿ ಹುಡುಕಿದಿರಿ?"

"ಅಣ್ಣತಮ್ಮಂದಿರಾ ಸಾರ್?"

"ಏನು ಹೋಲಿಕೆ, ಆದರೂ ಎಷ್ಟು ಬೇರೆ ಬೇರೆ ಸ್ವಭಾವ! ಮೊದಲು ಬರುವ ಕಿರಿಯವನ ಕಣ್ಣಲ್ಲಿ ಆ ಭಯ. ನಡುವಿನವನ ಜಂಬ. ದೊಡ್ಡಣ್ಣನ ಗಾಂಭೀರ್ಯ."

"ಸಾರ್, ಅದು ಒಬ್ಬರೇ ಸಾರ್. ಮೀಸೆಗೆ ಬಣ್ಣ ಹಾಕಿ, ಆಮೇಲೆ ಬೋಳಿಸಿ..."

"ತಮಾಷೆ ಸಾಕು. ಇಪ್ಪತ್ತು ವರ್ಷದಿಂದ ಕ್ಯಾಮೆರಾದಲ್ಲಿ ಮುಖ ನೋಡುತ್ತಿರುವವನು ನಾನು, ನನಗೇ ಹೇಳುತ್ತೀರಾ? ಒಪ್ಪಿಗೆ ಪತ್ರ ಒಂದೇ ಕಳಿಸಿದ್ದೀರಿ. ಇನ್ನಿಬ್ಬರ ಪತ್ರವಿಲ್ಲದೆ ಥೀಸಿಸ್ ಸ್ವೀಕರಿಸುವ ಹಾಗಿಲ್ಲ. ಸೋಮವಾರ ಮೂವರನ್ನೂ ಕರೆದುಕೊಂಡು ಬನ್ನಿ. ಸ್ಟುಡಿಯೋದವರು ಮೂವರನ್ನೂ ನೋಡಿದ ಮೇಲೆಯೇ ಕೆಲಸದ ಮಾತು ಅಂದಿದ್ದಾರೆ."

ಫೋನು ಕಟ್ಟಾಯಿತು. ಲಿಖಿತ ನಡೆದದ್ದನ್ನು ಹೇಳಿದಳು. ಅಂಬಿಕ, ಸೀನಪ್ಪ ಮುಖ ಮುಖ ನೋಡಿಕೊಂಡರು. ಬಚ್ಚಪ್ಪನಿಗೆ ಮಾತ್ರ ಇದೊಂದು ದೊಡ್ಡ ಸಮಸ್ಯೆ ಅನ್ನಿಸಲಿಲ್ಲ.

"ಸಹಿ ತಾನೇ? ಒಂದು ಕನ್ನಡದಾಗೆ ಆಕಿದೀನಿ. ಇನ್ನೊಂದು ತಮಿಳ್ನಾಗೆ, ಮತ್ತೊಂದು ತೆಲುಗ್ನಾಗೆ ಆಕ್ತೀನಿ. ತತ್ತಾ ಪೆನ್ನು."

"ಸಹಿ ಸಾಲ್ದು ತಾತ. ಸೋಮವಾರ ಮೂರು ಜನಾನೂ ಎದುರಿಗೆ ನಿಂತ್ಕೋಬೇಕಂತೆ."

ಬಚ್ಚಪ್ಪ ಬರಿದಾದ ಮೇಲ್ದುಟಿಯನ್ನು ಬೆರಳಲ್ಲಿ ಸವರಿಕೊಂಡ.

"ಸೋಮವಾರಕ್ಕೆ ಚಿಕ್ಕೋನು ಬತ್ತಾನೆ ಅಂತ ಏಳು" ಎಂದ. "ಮಿಕ್ಕಿಬ್ರೂ ಬೆಳೆದ್ಮೇಲೆ ಬತ್ತಾರೆ."