ಎಲ್ಲೆಲ್ಪಿ ಪಾಲುದಾರರ ಸಹವಾಸ

ಕಂಪ್ಯೂಟರಿನ ಮುಂದೆ ಕೂತು ಲೆಕ್ಕಪತ್ರ ಸಲ್ಲಿಸುವ ಕೆಲಸದಲ್ಲಿ ನಗುವುದಕ್ಕೇನಿದೆ ಎಂದು ನನ್ನ ನಾದಿನಿ ಕೇಳುತ್ತಾಳೆ. ಅವಳು ಒಂದು ದಿನ ಶ್ರೀರಂಗಪಟ್ಟಣದ ನನ್ನ ಆಫೀಸಿಗೆ ಬಂದು ಕೂರಲಿ. ಸುತ್ತಲಿನ ತಾಲ್ಲೂಕುಗಳ ಸಣ್ಣಪುಟ್ಟ ಎಲ್ಲೆಲ್ಪಿಗಳು, ಅಂದರೆ ಸರ್ಕಾರದಲ್ಲಿ ನೋಂದಾಯಿಸಿದ ಪಾಲುದಾರಿಕೆ ವ್ಯಾಪಾರಗಳು, ನನ್ನ ಕೈಯಲ್ಲಿವೆ. ವ್ಯಾಪಾರ ಎಷ್ಟೇ ಚಿಕ್ಕದಿರಲಿ, ವರ್ಷ ವರ್ಷ ಫಾರಂ ಹಾಕಲೇಬೇಕು. ಫಾರಂ ಹೇಗೋ ತುಂಬಿಬಿಡಬಹುದು. ಪಾಲುದಾರರನ್ನು ಸುಧಾರಿಸುವುದೇ ಕಷ್ಟ.

ಕಣ್ಣು

ಕೆ.ಆರ್. ಪೇಟೆ ಕಡೆ ಸಂತೆಬಾಚಹಳ್ಳಿಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಅಣ್ಣನ ಜೊತೆ ಸೇರಿ ಎಲ್ಲೆಲ್ಪಿ ಮಾಡಲು ಹೊರಟರು. ಅದಕ್ಕೆ ಡಿಜಿಟಲ್ ಸಹಿ ಬೇಕು. ಅದನ್ನು ಮಾಡಿಕೊಡುವ ಕಂಪನಿಯವರು ಮೊದಲು ವಿಡಿಯೋದಲ್ಲಿ ಮುಖ ನೋಡುತ್ತಾರೆ. ನಾನೇ ಅವರ ಮನೆಗೆ ಹೋಗಿ, ಜಗಲಿ ಮೇಲೆ ಕೂರಿಸಿ, ಫೋನು ಹಿಡಿದೆ. ಮನುಷ್ಯ ಉಸಿರು ಬಿಗಿಹಿಡಿದು, ರೆಪ್ಪೆ ಕೂಡ ಆಡಿಸದೆ ಕೂತುಬಿಟ್ಟರು. ಫೋನಿನ ಆ ಕಡೆ ಇದ್ದ ಹೆಣ್ಣುಮಗಳಿಗೆ ನಾವು ಬರೀ ಫೋಟೋ ತೋರಿಸುತ್ತಿದ್ದೇವೇನೋ ಅಂತ ಅನುಮಾನ ಬಂತು.

"ಸರ್, ನನ್ನ ನೋಡಿ ಒಂದ್ಸಲ ಕಣ್ಣು ಮಿಟುಕಿಸಿ" ಅಂದಳು.

ಇವರು ಒಂದೇ ಕಣ್ಣು ಮಿಟುಕಿಸಿದರು.

ಒಳಗಿಂದ ಹೆಂಡತಿ ಧಡಧಡ ಬಂದರು. "ಯಾವಳೇ ಅವ್ಳು, ನನ್ ಗಂಡನ್ಗೆ ಕಣ್ ಹೊಡಿ ಅನ್ನೋಳು?"

ಇವರು ಕತ್ತು ತಿರುಗಿಸದೆ, ತುಟಿ ಮಾತ್ರ ಅಲ್ಲಾಡಿಸಿ ಹೇಳಿದರು: "ಸುಮ್ಕಿರೇ, ಸರ್ಕಾರದೋರು ಕೇಳ್ತಾವ್ರೆ!"

ತಾಕತ್ತು

ಬೆಳಗೊಳದಲ್ಲಿ ಹಾಲು, ತುಪ್ಪದ ಎಲ್ಲೆಲ್ಪಿ ನಡೆಸುವ ಗೌಡರೊಬ್ಬರಿದ್ದಾರೆ. ವರ್ಷದ ಲೆಕ್ಕದ ಜೊತೆಗೆ ಪಾಲುದಾರರು ಒಂದು ಘೋಷಣೆಗೂ ಸಹಿ ಹಾಕಬೇಕು. ನಾನು ಅದನ್ನು ಕನ್ನಡದಲ್ಲಿ ವಿವರಿಸಿದೆ: "ನಮ್ಮ ಸಂಸ್ಥೆಗೆ ಸಾಲ ತೀರಿಸುವ ಶಕ್ತಿ ಇದೆ ಅಂತ."

ಗೌಡರು ಕೈ ಹಿಂದಕ್ಕೆ ಎಳೆದುಕೊಂಡರು. "ಅಂಗೆಲ್ಲ ಬರ್ಕೊಡಾಕಾಯ್ತದಾ? ಅದು ನಮ್ಮ ಬಾಮೈದುನನ್ ಕಣ್ಗೆ ಬಿದ್ರೆ ಏನ್ ಗತಿ? ಅವ್ನು ಸಾಲ ವಾಪಸ್ ಕೇಳ್ದಾಗೆಲ್ಲ ಕೈಲಿ ಕಾಸಿಲ್ಲ ಅಂತ ಯೋಳ್ಕೊಂಡು ಇಷ್ಟು ವರ್ಸ ಬಚಾವಾಗಿವ್ನಿ."

"ಸರ್ಕಾರದ ಪೋರ್ಟಲ್ಲಿಗೆ ಹೋಗೋದು ಗೌಡ್ರೇ, ಅವರ ಮನೆಗಲ್ಲ."

"ಅಲ್ಲಿ ಅವನು ನೋಡಾಕಿಲ್ವಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಫೀಸು ಕಟ್ಟಿದರೆ ಯಾರು ಬೇಕಾದರೂ ನೋಡಬಹುದು" ಅಂದೆ.

ಗೌಡರ ಮುಖ ಅರಳಿತು. "ದುಡ್ ಕಟ್ಬೇಕಾ? ಮೊದ್ಲೇ ಯೋಳ್ಬಾರ್ದಾ! ಅವ್ನು ನೋಡಾಕಿಲ್ಲ, ಕಾಗ್ದ ಕೊಡಿ ಇಲ್ಲಿ."

ಮುಚ್ಚುವ ಶಾಸ್ತ್ರ

ನಾಗಮಂಗಲದ ಭಾವ-ಬಾಮೈದ ಇಬ್ಬರೂ ಮನೆತನದಿಂದ ಬಡಗಿಗಳು. ಬಾಗಿಲು ಮಾಡುವ ಎಲ್ಲೆಲ್ಪಿ ಅವರದು. ಒಂದು ಬಾಗಿಲಿನ ಅಳತೆ ತಪ್ಪಿತು. ತಪ್ಪಿಸಿದ್ದು ಯಾರು ಅಂತ ಜಗಳ ಹತ್ತಿ, ವರ್ಕ್‌ಶಾಪಿಗೆ ಬೀಗ ಬಿದ್ದು ವರ್ಷ ದಾಟಿತ್ತು. ಮಾತಿರಲಿ, ಒಬ್ಬರ ಬೀದಿಯಲ್ಲಿ ಇನ್ನೊಬ್ಬರು ಹಾಯುತ್ತಿರಲಿಲ್ಲ. ನಡುವೆ ನವೆದವಳು ಒಬ್ಬ ಹೆಂಗಸು. ಭಾವನಿಗೆ ಹೆಂಡತಿ, ಬಾಮೈದನಿಗೆ ಅಕ್ಕ. ಪಾಪ, ತವರಿಗೆ ಹೋಗುವುದನ್ನೇ ಬಿಟ್ಟಿದ್ದಳು.

ಕೊನೆಗೆ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ನನ್ನ ಆಫೀಸಿಗೆ ಬಂದು, ಗೋಡೆ ನೋಡಿಕೊಂಡು ಕೂತರು.

"ಮುಚ್ಚಾಕ್ಬುಡಿ ಮೇಡಮ್ಮಾರೆ" ಅಂದ ಭಾವ.

"ಅವ್ರು ಯೋಳಿದ್ದಕ್ಕೆ ನಂದೂ ಒಪ್ಪಿಗೆ ಅದೆ ಅಂತ ಅವ್ರಿಗೆ ಯೋಳಿ" ಅಂದ ಬಾಮೈದ.

ಒಂದು ವರ್ಷ ವ್ಯವಹಾರವೇ ನಡೆಯದಿದ್ದರೆ ಮುಚ್ಚಬಹುದು. ಆದರೆ ಅದಕ್ಕೆ ಹಳೇ ಫಾರಂ ಬಾಕಿಯೆಲ್ಲ ತೀರಬೇಕು, ಇಬ್ಬರೂ ಒಪ್ಪಿಗೆ ಪತ್ರ, ಅಫಿಡವಿಟ್ಟು, ಮುಚ್ಚಳಿಕೆ ಕೊಡಬೇಕು, ಬ್ಯಾಂಕ್ ಖಾತೆ ಮುಚ್ಚಿಸಲೂ ಜೊತೆಯಲ್ಲೇ ಹೋಗಬೇಕು.

"ಬ್ಯಾರೆ ಆಗಾಕೆ ಇಷ್ಟೊಂದು ಸಲ ಒಟ್ಗೆ ಓಗ್ಬೇಕಾ?" ಭಾವನಿಗೆ ದಿಗಿಲಾಯಿತು.

ನೋಟರಿ ಹತ್ತಿರ ಹೋದರು, ಬ್ಯಾಂಕಿಗೆ ಹೋದರು, ನನ್ನಲ್ಲಿಗೆ ಬಂದರು. ಮೊದಲು ಬೇರೆ ಬೇರೆ ಬಸ್ಸು, ಆಮೇಲೆ ಒಂದೇ ಬಸ್ಸಿನ ಹಿಂದೆ ಮುಂದೆ ಸೀಟು. ಒಂದು ದಿನ ನೋಡಿದರೆ ಒಂದೇ ಬೈಕಿನಲ್ಲಿ ಬಂದಿಳಿದರು. ಕಾರಣ ಕೇಳಿದೆ. "ಪೆಟ್ರೋಲು ಉಳೀತದೆ" ಅಂದರು.

ಎಲ್ಲ ಕಾಗದ ಸಿದ್ಧವಾದ ಮೇಲೆ, ಖಾತೆ ಮುಚ್ಚಿಸುವ ಮುಂಚೆ ಕೊನೆಯ ಸಲ ಬ್ಯಾಂಕಿನ ವಿವರ ತೆಗೆದು ನೋಡಿದೆ. ಹೋದ ವಾರ ದುಡ್ಡು ಜಮಾ ಆಗಿದೆ!

"ಇದೇನಿದು?"

ಇಬ್ಬರೂ ತಲೆ ಬಗ್ಗಿಸಿದರು. ಬಾಮೈದನೇ ಬಾಯಿಬಿಟ್ಟ. "ಒಂದೇ ಒಂದು ಬಾಗ್ಲು ಮೇಡಂ. ಬ್ಯಾಂಕಲ್ಲಿ ಕಾಯ್ತಾ ಕುಂತಿದ್ದಾಗ ಪಕ್ಕದಲ್ಲಿದ್ದೋರು ಬಾಗ್ಲು ಬೇಕು ಅಂದ್ರು. ಇಬ್ರೂ ಅಲ್ಲೇ ಇದ್ವಲ್ಲ, ಒಪ್ಕೊಂಡ್ಬುಟ್ವು."

ನಾನು ತಲೆ ಮೇಲೆ ಕೈ ಹೊತ್ತುಕೊಂಡೆ. "ವ್ಯವಹಾರ ನಡೀತಲ್ಲ! ಇನ್ನು ಮುಚ್ಚೋಕಾಗಲ್ಲ. ಮತ್ತೆ ಮೊದಲಿಂದ ಒಂದು ವರ್ಷ ಕಾಯಬೇಕು."

ಭಾವ ಬಾಮೈದನ ಮುಖ ನೋಡಿದ. ಬಾಮೈದ ಭಾವನ ಮುಖ ನೋಡಿದ. ಇಬ್ಬರೂ ಎದ್ದು ಬಾಗಿಲಾಚೆ ಹೋಗಿ ಏನೋ ಗುಸುಗುಸು ಮಾತಾಡಿಕೊಂಡು ಬಂದರು.

"ಆಯ್ತು ಬುಡಿ ಮೇಡಮ್ಮಾರೆ" ಅಂದ ಭಾವ, ಬಹಳ ಗಂಭೀರವಾಗಿ. "ಮುಚ್ಚೋದಂತೂ ಗ್ಯಾರಂಟಿ. ಒಂದ್ ವರ್ಸ ತಾನೆ? ಅಲ್ಲೀಗಂಟ ಇಬ್ರೂ ಕೆಲ್ಸ ಮಾಡ್ಕೊಂಡೇ ಕಾಯ್ತೀವಿ."