ನನಗಾದ ಟೆಸ್ಟು, ಅಕ್ಕನಿಗೆ ಹಾಕಿದ ಇಂಜೆಕ್ಷನ್ನು

ಪುರುಸೊತ್ತಿಲ್ಲದ ಮನುಷ್ಯ ಎನ್ನಿಸಿಕೊಳ್ಳುವುದರಲ್ಲಿ ಒಂದು ಸುಖವಿದೆ. ನಿಜವಾಗಿಯೂ ಪುರುಸೊತ್ತಿಲ್ಲದವರಿಗೆ ಈ ಸುಖ ಗೊತ್ತಿರುವುದಿಲ್ಲ. ಅದನ್ನು ಅನುಭವಿಸುವುದಕ್ಕೂ ಅವರಿಗೆ ಪುರುಸೊತ್ತಿರುವುದಿಲ್ಲ. ಅದೇನಿದ್ದರೂ ನನ್ನಂಥವರಿಗೆ ಮೀಸಲು. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವಾಗ ನಾಲ್ಕು ಸಲ ಕೈಗಡಿಯಾರ ನೋಡಿಕೊಳ್ಳುವುದು, ಕ್ಷೌರದ ಅಂಗಡಿಯಲ್ಲಿ "ಬೇಗ ಆಗಲಪ್ಪಾ, ಅಲ್ಲಿ ಜನ ಕಾಯ್ತಾ ಇದ್ದಾರೆ" ಎಂದು ಅರ್ಧ ನೊರೆ ಹಚ್ಚಿದ ಮುಖದಲ್ಲೇ ಗೊಣಗುವುದು, ಇವೆಲ್ಲ ನನಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಮನೆ ಸೇರಿದ ಮೇಲೆ ಜಗಲಿಯಲ್ಲಿ ಕಾಲು ಚಾಚಿ ಎರಡು ಗಂಟೆ ಪೇಪರ್ ಓದುತ್ತೇನೆ, ಅದು ಬೇರೆ ಮಾತು. "ನಿಮ್ಮ ಅವಸರವೆಲ್ಲ ಹೊಸ್ತಿಲಿಂದ ಆಚೆಗೆ" ಎನ್ನುತ್ತಾಳೆ ನನ್ನ ಹೆಂಡತಿ. ಇಷ್ಟು ಹೊತ್ತೂ ನಗುತ್ತಾ ಹೇಳಿದೆ. ಆದರೆ ಈ ಅವಸರದಿಂದ, ಐದಾರು ವರ್ಷದ ಹಿಂದೆ ಒಂದು ಬೆಳಿಗ್ಗೆ, ನಾನು ನನ್ನ ಒಡಹುಟ್ಟಿದ ಅಕ್ಕನನ್ನು ಕೊಂದೇಬಿಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ನನಗೆ ಕಿವಿ ಬಿಸಿಯಾಗುತ್ತದೆ.

ನನ್ನ ಕೆಲಸವೇನು ಅಂತ ಮೊದಲು ಹೇಳಿಬಿಡಬೇಕು. ತಪ್ಪು ಹುಟ್ಟಿದ್ದೇ ಅಲ್ಲಿ. ತಮಿಳುನಾಡಿನ ಕೊಯಮತ್ತೂರಿನ ಹತ್ತಿರ ನಮ್ಮ ಊರು ಸಿರುಮುಗೈಯಲ್ಲಿ ನೇಕಾರರ ಒಂದು ಸಂಘವಿದೆ. ಮನೆಮನೆಯಲ್ಲಿ ನೇಯ್ದ ರೇಷ್ಮೆ ಸೀರೆಗಳು ಅಲ್ಲಿಗೆ ಬರುತ್ತವೆ. ಬಂದ ಸೀರೆಯನ್ನು ಬಿಚ್ಚಿ, ಉದ್ದ ಅಳೆದು, ಭೂತಗನ್ನಡಿ ಹಿಡಿದು ಎಳೆ ಎಣಿಸಿ, ಅಂಚು ನೆಟ್ಟಗಿದೆಯೇ, ಜರಿ ಎಲ್ಲಾದರೂ ಕಿತ್ತಿದೆಯೇ ಎಂದು ನೋಡಿ "ಪಾಸ್" ಎಂದು ಮುದ್ರೆ ಒತ್ತುವವನು ನಾನು. ಮಗ್ಗಕ್ಕೆ ಉದ್ದೆಳೆಯ ಒಂದು ಹಾಸು ನೂಲು ಹೂಡಿದರೆ ಅದರಲ್ಲಿ ಮೂರೋ ನಾಲ್ಕೋ ಸೀರೆ ಇಳಿಯುತ್ತವೆ. ಎಲ್ಲವನ್ನೂ ಬಿಚ್ಚಿ ನೋಡಬೇಕೆಂಬುದು ನಿಯಮ. ಆದರೆ ಅದೇ ಹಾಸು, ಅದೇ ಮಗ್ಗ, ಅದೇ ಕೈ. ಮೊದಲನೆಯದು ಚೆನ್ನಾಗಿದ್ದರೆ ಉಳಿದವು ಕೆಡುವುದು ಹೇಗೆ? ನಾನು ಒಂದನ್ನು ನೋಡಿ ನಾಲ್ಕಕ್ಕೂ ಮುದ್ರೆ ಒತ್ತುತ್ತಿದ್ದೆ. ನನ್ನವರೆಗೆ ಎಂದೂ ದೂರು ಬರಲಿಲ್ಲ. ದೂರು ಬಾರದ ಕಳ್ಳದಾರಿಗೆ ಕ್ರಮೇಣ "ಅನುಭವ" ಎಂಬ ಹೆಸರು ಬೀಳುತ್ತದೆ.

ಅಕ್ಕನ ಕಥೆಗೆ ಒಂದು ತಿಂಗಳು ಮೊದಲು ನನಗೇ ಕಂಕುಳಲ್ಲಿ ಒಂದು ಕುರು ಎದ್ದಿತ್ತು. ಕೈ ಕೆಳಗಿಳಿಸಲಾಗದೆ, ಬಸ್ಸಿಗೆ ಕೈ ತೋರಿಸುವವನ ಭಂಗಿಯಲ್ಲೇ ಎರಡು ದಿನ ಓಡಾಡಿದೆ. ಕೊನೆಗೆ ಮೇಟ್ಟುಪಾಳ್ಯಂನ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಕುರು ನೋಡಿ, ಐದು ದಿನ ಪೆನಿಸಿಲಿನ್ ಇಂಜೆಕ್ಷನ್ ಎಂದು ಚೀಟಿ ಬರೆದರು. ಕಂಪೌಂಡರ್ ಪರದೆಯ ಹಿಂದೆ ಗಾಜಿನ ಸಿರಿಂಜನ್ನು ಕುದಿಯುವ ನೀರಿನಿಂದ ಇಕ್ಕಳದಲ್ಲಿ ಎತ್ತಿ, ನನ್ನ ಮುಂಗೈಯ ಚರ್ಮದೊಳಗೆ ಒಂದೇ ಒಂದು ತೊಟ್ಟು ಔಷಧ ಸೇರಿಸಿ, ಸುತ್ತ ಪೆನ್ನಿನಿಂದ ಒಂದು ವೃತ್ತ ಬರೆದ. "ಅರ್ಧ ಗಂಟೆ ಕೂತಿರಿ. ಕೆಂಪಗಾಗಿ ಊದಿಕೊಂಡರೆ ಈ ಔಷಧ ನಿಮಗೆ ಆಗುವುದಿಲ್ಲ ಅಂತ ಲೆಕ್ಕ" ಎಂದ. ಅರ್ಧ ಗಂಟೆ! ಒಂದು ವೃತ್ತವನ್ನು ನೋಡುತ್ತಾ! ಆ ಅರ್ಧ ಗಂಟೆಯಲ್ಲಿ ನಾನು ಏಳು ಸಲ ಎದ್ದು ಏಳು ಸಲ ಕೂತೆ; ಸಂಘದಲ್ಲಿ ನೇಕಾರರು ಕಾಯುತ್ತಿದ್ದಾರೆಂದು ಅಲ್ಲಿದ್ದ ರೋಗಿಗಳಿಗೆಲ್ಲ ತಿಳಿಸಿದೆ. ಒಬ್ಬ ಮುದುಕಿ ಮಾತ್ರ "ಪಾಪ" ಎಂದಳು. ವೃತ್ತದೊಳಗೆ ಏನೂ ಆಗಲಿಲ್ಲ. ಐದು ದಿನಕ್ಕೆ ಕುರು ಒಣಗಿತು. ಆಗದಿದ್ದ ಕೆಂಪಿಗಾಗಿ ಅರ್ಧ ಗಂಟೆ ದಂಡವಾಯಿತಲ್ಲ ಎಂಬ ಸಂಕಟ ಮಾತ್ರ ಒಣಗಲಿಲ್ಲ.

ಅಕ್ಕನ ಹೆಸರು ಚೌಡಮ್ಮ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ಬೇಗ ಹೋದಳಾದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ನಮ್ಮ ಬೀದಿಯಲ್ಲೇ ಅವಳ ಮನೆ. ಗುಳಿಮಗ್ಗದಲ್ಲಿ ಕೂತು ಗಂಡಸರಿಗೆ ಸಮನಾಗಿ ನೇಯುತ್ತಾಳೆ. ಗುಳಿಯೊಳಗೆ ಕಾಲಿನಿಂದ ತುಳಿಯುವ ಹಲಗೆಯಲ್ಲಿ ಒಂದು ಮೊಳೆ ತಲೆ ಎತ್ತಿ ಅವಳ ಅಂಗಾಲಿಗೆ ಚುಚ್ಚಿತು. ಅರಿಸಿನ ಸುಣ್ಣ ಮೆತ್ತಿಕೊಂಡು, ಸೀರೆ ಮುಗಿಯಲಿ ಅಂತ ಇನ್ನೂ ನಾಲ್ಕು ದಿನ ಅದೇ ಕಾಲಿನಲ್ಲಿ ಅದೇ ಹಲಗೆ ತುಳಿದಳು. ಐದನೆಯ ದಿನ ನಾನು ಹೋಗಿ ನೋಡಿದಾಗ ಕಾಲು ಪಾದದಿಂದ ಮೊಣಕಾಲಿನವರೆಗೂ ಕೆಂಪಗೆ ಬಾತುಕೊಂಡು, ಮೈ ಕೆಂಡದ ಹಾಗೆ ಸುಡುತ್ತಿತ್ತು. "ಏನಿಲ್ಲ ತಂಬಿ, ಚೂರು ವೀಕ್ಕ ಬಂದದೆ, ಇಳಿದೋಗ್ತದೆ" ಎಂದಳು. ಊತಕ್ಕೆ ನಮ್ಮ ಮನೆಮಾತಿನಲ್ಲಿ ವೀಕ್ಕ. ಅವಳ ಪ್ರಕಾರ ಎಲ್ಲವೂ ಚೂರೇ, ಎಲ್ಲವೂ ತಾನಾಗಿ ಇಳಿದುಹೋಗುವಂಥದ್ದೇ. ನಾನು ಬಯ್ದು, ಟೌನ್ ಬಸ್ಸು ಹತ್ತಿಸಿ, ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಇಲ್ಲಿಯವರೆಗೆ ನಾನು ಒಳ್ಳೆಯ ತಮ್ಮ.

ಡಾಕ್ಟರಮ್ಮ ಕಾಲು ನೋಡಿ, ಇದು ಇನ್ನೂ ಮೇಲಕ್ಕೆ ಹತ್ತಿದರೆ ಕಷ್ಟವೆಂದು ನಮ್ಮಿಬ್ಬರನ್ನೂ ಗದರಿಸಿದರು. ಧನುರ್ವಾಯುವಿಗೆ ಒಂದು ಇಂಜೆಕ್ಷನ್ ಬೇರೆ, ಜೊತೆಗೆ ಐದು ದಿನ ಪೆನಿಸಿಲಿನ್. ಚೀಟಿ ಹಿಡಿದು ಪರದೆಯ ಹತ್ತಿರ ಹೋದೆವು. ಕಂಪೌಂಡರ್ ನನ್ನನ್ನು ಗುರುತು ಹಿಡಿದು ನಕ್ಕ. ಹೊರಗೆ ಇಪ್ಪತ್ತು ಜನ ರೋಗಿಗಳು. ಗಂಟೆ ಹತ್ತೂಕಾಲು, ಹತ್ತೂವರೆಗೆ ಸಿರುಮುಗೈ ಬಸ್ಸು, ಅದು ತಪ್ಪಿದರೆ ಮುಂದಿನದು ಹನ್ನೆರಡಕ್ಕೆ. ಕಂಪೌಂಡರ್ ಸೀಸೆಯ ಪುಡಿಗೆ ನೀರು ಬೆರೆಸಿ ಅಲುಗಾಡಿಸುತ್ತಾ, ತಲೆ ಎತ್ತದೆ, "ಟೆಸ್ಟ್ ಆಚ್ಚಾ?" ಎಂದು ಕೇಳಿದ. ಟೆಸ್ಟ್ ಆಗಿದೆಯಾ ಅಂತ.

"ಆಚ್ಚು, ಆಚ್ಚು" ಎಂದೆ.

ಸುಳ್ಳು ಹೇಳುತ್ತಿದ್ದೇನೆಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ನನಗೆ ಅನ್ನಿಸಿದ್ದು, ಅದೇ ಹಾಸು! ಒಂದೇ ಅಪ್ಪ, ಒಂದೇ ಅವ್ವ, ಒಂದೇ ರಕ್ತ. ಹೋದ ತಿಂಗಳು ನನ್ನ ಕೈಯಲ್ಲಿ ನೋಡಿ ಆಗಿದೆ, ಕೆಂಪಾಗಲಿಲ್ಲ. ನನಗೆ ಆದದ್ದು ಅಕ್ಕನಿಗೆ ಆಗದೆ ಹೋಗುತ್ತದೆಯೇ? ಮೊದಲನೆಯ ಸೀರೆ ಪಾಸಾದ ಮೇಲೆ ಎರಡನೆಯದನ್ನು ಬಿಚ್ಚುವುದೇಕೆ? ಇಪ್ಪತ್ತು ವರ್ಷದ ನನ್ನ ಅನುಭವವೆಲ್ಲ ಒಟ್ಟಾಗಿ ಆ ಒಂದು ಮಾತಾಗಿ ಹೊರಗೆ ಬಂತು. ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. ತಂಬಿಗೆ ತಿಳಿಯದ್ದು ಏನಿದೆ ಎಂದು ಸುಮ್ಮನೆ ತಿರುಗಿ ನಿಂತಳು.

ಸೂಜಿ ತೆಗೆದದ್ದೇ ತಡ, ಅವಳ ರಟ್ಟೆ ಹಿಡಿದು ಬಸ್ ನಿಲ್ದಾಣಕ್ಕೆ ನಡೆಸಿದೆ. ನಿಲ್ದಾಣವೆಂದರೆ ರಸ್ತೆಯ ಆ ಕಡೆ ಒಂದು ಬೇವಿನ ಮರ. ಬಸ್ಸು ಬಂದಿರಲಿಲ್ಲ. ನಾನು ಕತ್ತು ಚಾಚಿ ಬಸ್ಸಿನವರನ್ನು ಬೈಯುತ್ತಿದ್ದೆ. ಅಕ್ಕ ಅಂಗೈ ಪರಪರ ಕೆರೆದುಕೊಳ್ಳತೊಡಗಿದಳು. ಆಮೇಲೆ ಕತ್ತು. "ತಂಬಿ, ನಾಲ್ಗೆ ದಪ್ಪಾಗ್ತದೆ" ಎಂದಳು. ತಿರುಗಿ ನೋಡಿದರೆ ತುಟಿ ಊದಿಕೊಂಡು, ಅದು ನನ್ನ ಅಕ್ಕನ ಮುಖವೇ ಆಗಿರಲಿಲ್ಲ. "ಮೂಚು ಬರ್ತಾ ಇಲ್ಲ" ಎಂದು ಉಸಿರು ಎಳೆಯಲಾರದೆ ಎದೆ ಹಿಡಿದುಕೊಂಡು, ಬೇವಿನ ಮರಕ್ಕೆ ಒರಗಿ, ಹಾಗೇ ಕೆಳಕ್ಕೆ ಜಾರಿದಳು. ನಾನು ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ರಸ್ತೆ ದಾಟಿದೆ. ಅಡ್ಡ ಬಂದ ಸೈಕಲ್ಲು, ಬಿದ್ದುಹೋದ ನನ್ನ ಒಂದು ಚಪ್ಪಲಿ, ಯಾವುದೂ ನನಗೆ ಬೇಡವಾಗಿತ್ತು. ದಾರಿಯುದ್ದಕ್ಕೂ ನಾನು ಏನು ಅರಚುತ್ತಿದ್ದೆನೆಂದು ಆಮೇಲೆ ಪಕ್ಕದ ಸೋಡಾ ಅಂಗಡಿಯವನು ಹೇಳಿದ. "ಅವ್ವಾ, ಅವ್ವಾ" ಎನ್ನುತ್ತಿದ್ದೆನಂತೆ.

ಡಾಕ್ಟರಮ್ಮ ಅವಳನ್ನು ನೆಲದ ಮೇಲೇ ಮಲಗಿಸಿ, ಕಾಲು ಎತ್ತರಿಸಿ, ತೊಡೆಗೆ ಬೇರೆ ಒಂದು ಇಂಜೆಕ್ಷನ್ ಚುಚ್ಚಿದರು. ಅಡ್ರಿನಲಿನ್ ಅಂತ ಅದರ ಹೆಸರು. ಕಂಪೌಂಡರನಿಗೆ ಹೇಳುವಾಗ ಕೇಳಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಅಕ್ಕನ ಉಸಿರು ಒಂದೊಂದಾಗಿ ದಾರಿಗೆ ಬಂತು. ನಾನು ಮೂಲೆಯಲ್ಲಿ ಒಂದೇ ಚಪ್ಪಲಿಯಲ್ಲಿ ನಿಂತಿದ್ದೆ. ಹತ್ತೂವರೆಯ ಬಸ್ಸು ಹಾರ್ನ್ ಹೊಡೆಯುತ್ತಾ ಹೋದದ್ದು ಆಗ ಕೇಳಿಸಿತು. ಅದು ಹೇಳಿದ ಹೊತ್ತಿಗೆ ಬಂದಿದ್ದರೆ ಅಕ್ಕ ಯಾವ ಹೊಲದ ಪಕ್ಕದಲ್ಲೋ, ಕಂಡಕ್ಟರನ ಸೀಟಿನ ಮೇಲೆ, ನನ್ನ ಕಣ್ಣೆದುರಿಗೇ ಹೋಗಿಬಿಡುತ್ತಿದ್ದಳು. ಹದಿನೈದು ನಿಮಿಷ ತಡವಾಗಿ ಬಂದ ಆ ಡ್ರೈವರನಿಗೆ ನಾನು ಇವತ್ತಿಗೂ ಋಣಿ.

ಮಧ್ಯಾಹ್ನ ಅಕ್ಕ ಎದ್ದು ಕೂರುವಂತಾದ ಮೇಲೆ ವಿಚಾರಣೆ ನಡೆಯಿತು. ಡಾಕ್ಟರಮ್ಮ ಕಂಪೌಂಡರನನ್ನು ಮೊದಲು ಹಿಡಿದುಕೊಂಡರು: "ಬಾಯಿಮಾತು ಕೇಳಿ ಹಾಕುವುದಾ? ಕೈ ನೋಡಬೇಕಲ್ಲವಾ?" ಅವನು ತಲೆ ತಗ್ಗಿಸಿ, "ಟೆಸ್ಟ್ ಆಗಿದೆ ಅಂದರು" ಎಂದ. "ಯಾರು ಅಂದವರು?" ಡಾಕ್ಟರಮ್ಮನ ಕಣ್ಣು ನನ್ನ ಕಡೆ ತಿರುಗಿತು. ನಾನು ಬಾಯಿ ತೆರೆದೆ. ಖಂಡಿತ ತೆರೆದೆ, ಇದನ್ನು ನೀವು ನಂಬಬೇಕು. ಅಷ್ಟರಲ್ಲಿ ಬೆಂಚಿನ ಮೇಲಿಂದ ಅಕ್ಕ, ಇನ್ನೂ ದಪ್ಪಗಿದ್ದ ನಾಲಿಗೆಯಲ್ಲಿ, ತಮಿಳಿನಲ್ಲಿ ಹೇಳಿದಳು: "ನಾನೇ ಅಮ್ಮಾ. ಹೋದ ತಿಂಗಳು ಬೇರೆ ಕಡೆ ಟೆಸ್ಟ್ ಆಯಿತು ಅಂತ ತಮ್ಮನಿಗೆ ಸುಳ್ಳು ಹೇಳಿದ್ದೆ. ಕಾಯುವುದಕ್ಕೆ ಬೇಜಾರು. ಅವನು ನಂಬಿ ಹಾಗೇ ಹೇಳಿಬಿಟ್ಟ."

ನಾನು ಬಾಯಿ ಮುಚ್ಚಿದೆ.

ಡಾಕ್ಟರಮ್ಮ ಅಕ್ಕನನ್ನು ಬಯ್ದದ್ದು ಸುಮಾರಲ್ಲ. "ಒಬ್ಬರ ಮೈಗೆ ಒಗ್ಗುವ ಔಷಧ ಇನ್ನೊಬ್ಬರಿಗೆ ವಿಷವಾಗಬಹುದು. ಹೋದ ತಿಂಗಳು ಆಗಿದ್ದರೂ ಈ ಸಲ ಮತ್ತೆ ಕೇಳಬೇಕು, ನೋಡಬೇಕು. ಇಂಜೆಕ್ಷನ್ ಹಾಕಿಸಿಕೊಂಡ ಮೇಲೂ ಅರ್ಧ ಗಂಟೆ ಇಲ್ಲೇ ಕೂತಿರಬೇಕು. ನಿನಗೆ ಅಷ್ಟು ಅವಸರವೇನಮ್ಮಾ?" ಜೀವನದಲ್ಲಿ ಒಂದು ದಿನವೂ ಅವಸರ ಮಾಡದ ಹೆಂಗಸು "ತಪ್ಪಾಯಿತು ಅಮ್ಮಾ" ಎಂದು ಕೈ ಮುಗಿದಳು. ನನ್ನ ಪಾಲಿನ ಬೈಗುಳವನ್ನು ಅಕ್ಕ ತಿನ್ನುತ್ತಿರುವಾಗ ನಾನು ಗೋಡೆಯ ಮೇಲಿದ್ದ ಮಗುವಿನ ಚಿತ್ರದ ಕ್ಯಾಲೆಂಡರನ್ನು ಶ್ರದ್ಧೆಯಿಂದ ನೋಡುತ್ತಿದ್ದೆ. ಆಮೇಲೆ ಆಕೆ ಪೆನಿಸಿಲಿನ್ ಬಿಟ್ಟು ಬೇರೆ ಜಾತಿಯ ಮಾತ್ರೆ ಬರೆದರು. ಒಂದು ಹೊತ್ತೂ ತಪ್ಪದ ಹಾಗೆ ನಾನೇ ನಿಂತು ನುಂಗಿಸಿದೆ. ಹತ್ತು ದಿನಕ್ಕೆ ಕಾಲು ಇಳಿಯಿತು.

ಮನೆಗೆ ಬರುವ ದಾರಿಯಲ್ಲಿ ಕೇಳಿದೆ: "ಅಕ್ಕಾ, ಯಾಕೆ ಹಾಗಂದೆ?" ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ನೀನು ಆಚ್ಚು ಅಂದ್ರೆ ಆಚ್ಚು ಅಂತ ನಂಬಿ ಊರೆಲ್ಲ ಸೀರೆ ತಂದ್ಹಾಕ್ತದೆ. ನಿನ್ನ ಮಾತು ಪೊಯ್ ಅಂತ ಆದ್ರೆ ನಿನ್ನ ವೇಲೆ ಏನಾಗ್ತದೆ? ನಂದೇನು ಬಿಡು, ಗುಳಿಯಾಗೆ ಕೂತಿರೋಳು. ನನ್ನ ಮಾತ ಯಾರು ಕೇಳ್ತಾರೆ." ನನ್ನ ಮಾತು ಸುಳ್ಳೆನ್ನಿಸದೆ ಉದ್ಯೋಗ ಉಳಿಯಲೆಂದು ತನ್ನ ಮಾನ ಕೊಟ್ಟಿದ್ದಳು. ಮರುದಿನದಿಂದ ನಾನು ಪ್ರತಿಯೊಂದು ಸೀರೆಯನ್ನೂ ಬಿಚ್ಚಿ ನೋಡತೊಡಗಿದೆ. ನೇಕಾರರು ಗೊಣಗಿದರು. ನಾಲ್ಕರಲ್ಲಿ ಮೂರನೆಯದೋ ನಾಲ್ಕನೆಯದೋ ಎಷ್ಟು ಸಲ ಕೆಟ್ಟಿರುತ್ತದೆಂದು ಇಪ್ಪತ್ತು ವರ್ಷಕ್ಕೆ ಆಗ ಗೊತ್ತಾಯಿತು.

ಡಾಕ್ಟರಮ್ಮ ಅಕ್ಕನಿಗೆ ಒಂದು ಕಾರ್ಡು ಕೊಟ್ಟಿದ್ದರು. ಯಾವ ಆಸ್ಪತ್ರೆಗೆ ಹೋದರೂ ಮೊದಲು ತೋರಿಸಬೇಕು. ಅದರಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು. "ಓದು ತಂಬಿ, ಏನು ಬರ್ದವರೆ?" ಎಂದಳು ಅಕ್ಕ. ಮೊದಲನೆಯದು, ಕೆಂಪು ಗೆರೆ ಎಳೆದದ್ದು: ಇವರಿಗೆ ಪೆನಿಸಿಲಿನ್ ಯಾವ ಕಾರಣಕ್ಕೂ ಕೊಡಬಾರದು. ಇದನ್ನು ಓದಿ, ಅರ್ಥ ಹೇಳಿ, ಬಾಯಿಪಾಠ ಮಾಡಿಸಿದೆ. ಎರಡನೆಯದು: ರೋಗಿಯ ಹೇಳಿಕೆ ನಂಬುವಂತಿಲ್ಲ, ತಮ್ಮನನ್ನು ವಿಚಾರಿಸಿ. ಇದನ್ನು ಓದಲಿಲ್ಲ. "ಡಾಕ್ಟರಮ್ಮನ ಸಹಿ" ಎಂದೆ.

ಅಂದಿನಿಂದ ಅಕ್ಕನಿಗೆ ಹಲ್ಲುನೋವು ಬರಲಿ, ಕಣ್ಣು ಉರಿಯಲಿ, ಜೊತೆಗೆ ನಾನು ಹೋಗಲೇಬೇಕು. ಕೊಯಮತ್ತೂರಿನ ದೊಡ್ಡ ದೊಡ್ಡ ಡಾಕ್ಟರುಗಳು ಕಾರ್ಡು ಓದುತ್ತಾರೆ, ಅಕ್ಕನನ್ನು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ, ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿ "ನೀವು ಹೇಳಿ ಸಾರ್" ಎನ್ನುತ್ತಾರೆ. ಎಲ್ಲಿ ನೋಯುತ್ತದೆ ಎಂಬುದನ್ನೂ ನನ್ನನ್ನೇ ಕೇಳುತ್ತಾರೆ. ಅಕ್ಕ ಬೀದಿಯಲ್ಲೆಲ್ಲ ಹೇಳಿಕೊಂಡು ಬರುತ್ತಾಳೆ, "ನಮ್ಮ ತಂಬಿಗೆ ಡಾಕ್ಟರುಗಳೆಲ್ಲ ಏನು ಮರ್ಯಾದೆ ಕೊಡ್ತಾರೆ!" ಆ ಎರಡನೇ ಸಾಲನ್ನು ಹೊಡೆದುಹಾಕಿಸಬೇಕು, ನಂಬಬಾರದ್ದು ಇವಳನ್ನಲ್ಲ ನನ್ನನ್ನು ಅಂತ ಯಾರಾದರೂ ಒಬ್ಬ ಡಾಕ್ಟರಿಗೆ ಹೇಳಬೇಕು ಎಂದು ಪ್ರತಿ ಸಲವೂ ಹೊರಡುತ್ತೇನೆ. ಪ್ರತಿ ಸಲವೂ ಡಾಕ್ಟರು "ಸಾರ್" ಎಂದುಬಿಡುತ್ತಾರೆ.

ಅದಕ್ಕೇ ಇದನ್ನೆಲ್ಲ ಬರೆಯಲು ಕೂತೆ. ಕನ್ನಡದಲ್ಲಿ ಬರೆದೆ. ನಮ್ಮ ಬೀದಿಯಲ್ಲಿ ಮನೆಯೊಳಗೆ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಬರುವುದು ನನಗೊಬ್ಬನಿಗೇ; ಉಳಿದವರದೆಲ್ಲ ತಮಿಳು ಅಕ್ಷರ. ತಪ್ಪೊಪ್ಪಿಗೆಗೆ ಇದಕ್ಕಿಂತ ಕ್ಷೇಮವಾದ ಜಾಗ ಇನ್ನೆಲ್ಲಿದೆ? ನಿನ್ನೆ ಅಕ್ಕ ಬಂದು ಏನು ಬರೆಯುತ್ತಿದ್ದೀಯೆಂದು ಕೇಳಿದಳು; ಇಂಜೆಕ್ಷನ್ನಿನ ಕಥೆ ಎಂದೆ. ಹಾಳೆಗಳನ್ನು ತಿರುವಿ ಹಾಕಿ, "ಊಸಿ ಹಾಕ್ಸಿದ ಕಥೆಯಾ? ಓದು, ಕೇಳಾಣ" ಎಂದು ಎದುರಿಗೆ ಕೂತಳು. ಓದಿದೆ. ಕುರು ಓದಿದೆ, ಬಸ್ಸು ಓದಿದೆ, ಅವಳು ನಕ್ಕಳು. ಕಂಪೌಂಡರ್ ಕೇಳಿದ ಜಾಗ ಬಂದಾಗ ಓದು ನಿಲ್ಲಿಸಿ ಕೈಗಡಿಯಾರ ನೋಡಿಕೊಂಡೆ. ಅಕ್ಕ ಹಾಳೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದಳು: "ಇಲ್ಲಿ ನಾನೇ ಅಂದದ್ದು ಅಂತ ತಾನೇ ಬರ್ದಿದ್ದೀ?"

"ಹೂಂ ಅಕ್ಕಾ" ಎಂದೆ.

"ಹಾಗಾದ್ರೆ ಸೆರಿ" ಎಂದು ಅವಳು ನಿಶ್ಚಿಂತೆಯಿಂದ ಮನೆಗೆ ಹೋದಳು.