ಮಾಸ್ಕಿನೊಳಗೇ ಉಳಿದ ಮೂರು ಥೂ

ಮೆಲ್ಪೊಳ ಮುಖದ ಮೇಲೆ ಎವಾಂಥಿಯಾಳಿಗಿದ್ದ ದೂರು ಮೂವತ್ತು ವರ್ಷ ಹಳೆಯದು. ಇಬ್ಬರೂ ವಾರಗಿತ್ತಿಯರು. ಕೊಜಾನಿ ಊರಿನ ಆ ಮನೆಗೆ ಅಣ್ಣನ ಹೆಂಡತಿಯಾಗಿ ಎವಾಂಥಿಯಾ ಬಂದ ಎರಡು ವರ್ಷಕ್ಕೆ ತಮ್ಮನ ಹೆಂಡತಿಯಾಗಿ ಮೆಲ್ಪೊ ಬಂದಳು. ಅಂದಿನಿಂದ ತೆಗೆದ ಪ್ರತಿ ಫೋಟೋದಲ್ಲೂ ಮೆಲ್ಪೊ ಈಗಷ್ಟೇ ಮುಖ ತೊಳೆದು ಬಂದವಳಂತೆ ಕಾಣುತ್ತಿದ್ದಳು, ಎವಾಂಥಿಯಾ ಈಗಷ್ಟೇ ಪಾತ್ರೆ ತೊಳೆದು ಎದ್ದವಳಂತೆ. (ಪಾತ್ರೆ ತೊಳೆದದ್ದು ನಿಜವೇ. ಆದರೆ ಫೋಟೋದಲ್ಲಿ ಅದು ಗೊತ್ತಾಗಬೇಕಿರಲಿಲ್ಲ.) ಅತ್ತೆ ಆ ಫೋಟೋಗಳನ್ನೆಲ್ಲ ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿ, ಮೆಲ್ಪೊ ಇದ್ದ ಕಡೆ ಬೆರಳಿಟ್ಟು ‘ಇವಳು ನೋಡು’ ಎನ್ನುತ್ತಿದ್ದರು. ಪಕ್ಕದವಳ ಬಗ್ಗೆ ಏನೂ ಅನ್ನುತ್ತಿರಲಿಲ್ಲ. ಏನೂ ಅನ್ನದಿರುವುದರಲ್ಲಿ ಆ ಮುದುಕಿಗೆ ಇದ್ದ ಪಾಂಡಿತ್ಯ ಅಪಾರವಾದದ್ದು.

ಹೀಗಿರುವಾಗ ಸ್ಟುಟ್‌ಗಾರ್ಟಿನಲ್ಲಿರುವ ನಾದಿನಿ ಥೆಕ್ಲಾಳಿಂದ ಕರೆ ಬಂತು. ಮೊಮ್ಮಗಳ ದೀಕ್ಷಾಸ್ನಾನ, ಅತ್ತಿಗೆಯರಿಬ್ಬರೂ ಬರಲೇಬೇಕು. ಗಂಡಂದಿರಿಗೆ ಕೇಸರಿ ಹೊಲದ ಕೆಲಸವಿತ್ತು. ಹಾಗಾಗಿ ವಾರಗಿತ್ತಿಯರು ಮಾತ್ರ ಥೆಸಲೋನಿಕಿಯಿಂದ ವಿಮಾನ ಹತ್ತುವುದೆಂದಾಯಿತು. ಅದು ಮೂಗು ಬಾಯಿ ಮುಚ್ಚದೆ ಯಾರೂ ಎಲ್ಲಿಗೂ ಹೋಗುವಂತಿಲ್ಲದ ವರ್ಷ. ಎರಡೂವರೆ ಗಂಟೆ ಮಾಸ್ಕ್ ಧರಿಸಿ ಇಳಿದವರ ಗತಿ ಏನೆಂದು ಊರಿಗೆಲ್ಲ ಗೊತ್ತಿತ್ತು. ಕೆನ್ನೆಯ ಮೇಲೆ ಗೆರೆ, ಕಿವಿಯ ಹಿಂದೆ ಗಾಯ, ತುಟಿಯ ಬಣ್ಣ ಗಲ್ಲದ ಮೇಲೆ.

ಎವಾಂಥಿಯಾಳಿಗೆ ದಿವ್ಯಜ್ಞಾನವಾದದ್ದು ಆಗಲೇ. ಥೆಕ್ಲಾಳ ಮಗ ಲಾಂಬ್ರೋಸನಿಗೆ ಒಂದು ಅಭ್ಯಾಸವಿತ್ತು. ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು, ಬಂದವರಿಗೆ ನಮಸ್ಕಾರ ಹೇಳುವ ಮೊದಲೇ ಫೋಟೋ ತೆಗೆದು, ಅಲ್ಲಿಂದಲೇ ಕೊಜಾನಿಗೆ ಕಳಿಸಿಬಿಡುತ್ತಿದ್ದ. ಗೆರೆ, ಗಾಯ, ಬಣ್ಣ ಎಲ್ಲ ಮೆಲ್ಪೊಳಿಗೂ ಆಗಲಿವೆ. ತಾನೊಬ್ಬಳು ಸಿದ್ಧವಾಗಿ ಹೋದರೆ, ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ, ಆ ಬಾಗಿಲಿನಿಂದ ಅರಳಿದ ಮುಖ ಹೊತ್ತು ಹೊರಬರುವವಳು ತಾನು.

ಸಿದ್ಧತೆ ಶಾಸ್ತ್ರೋಕ್ತವಾಗಿ ನಡೆಯಿತು. ಬಟ್ಟೆ ತುಟಿಗೆ ತಾಗದಂತೆ ಒಳಗೆ ಇಡುವ ಪುಟ್ಟ ಬುಟ್ಟಿಯಂಥ ಪ್ಲಾಸ್ಟಿಕ್ ಚೌಕಟ್ಟು ತರಿಸಿದಳು. ಕಿವಿಗೆ ನೋವಾಗದಂತೆ ಮಾಸ್ಕಿನ ದಾರಗಳನ್ನು ತಲೆಯ ಹಿಂದೆ ಸಿಕ್ಕಿಸುವ ಕೊಕ್ಕೆಪಟ್ಟಿ ತರಿಸಿದಳು. ಉಸಿರಿಗೆ ಕನ್ನಡಕ ಮಂಜಾಗದಂತೆ ಗಾಜಿಗೆ ಸೋಪು ಸವರಿದಳು, ಒಳಗಿನ ಗಾಳಿ ಹಿತವಾಗಿರಲೆಂದು ಪುದೀನ ಎಣ್ಣೆಯ ಸೀಸೆ ಕೊಂಡಳು. ಕೊನೆಗೆ ಪ್ರಯೋಗ. ಅಡುಗೆಮನೆಯ ಕುರ್ಚಿಯನ್ನು ಗೋಡೆಗೂ ಫ್ರಿಜ್ಜಿಗೂ ನಡುವೆ ತೂರಿಸಿ (ವಿಮಾನದ ನಡುವಿನ ಸೀಟು ಅಷ್ಟೇ ಅಗಲವೆಂದು ಥೆಕ್ಲಾ ಹೇಳಿದ್ದಳು), ಗಂಡ ಸ್ಟರ್ಗಿಯೋಸನ ಬೆಲ್ಟನ್ನು ಹೊಟ್ಟೆಗೆ ಬಿಗಿದುಕೊಂಡು, ಮಾಸ್ಕ್ ತೊಟ್ಟು ಎರಡೂವರೆ ಗಂಟೆ ಅಲುಗಾಡದೆ ಕೂತಳು. ನಡುವೆ ಸ್ಟರ್ಗಿಯೋಸ್ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದ.

“ವಿಮಾನ ಎಲ್ಲಿಯವರೆಗೆ ಬಂತು?”

“ಮಾತಾಡಿಸ್ಬೇಡಿ. ಬೆಲ್‌ಗ್ರೇಡ್ ಮೇಲಿದ್ದೀನಿ.”

“ವಿಯೆನ್ನಾದಲ್ಲಾದ್ರೂ ನನ್ನ ಬೆಲ್ಟ್ ಇಳಿಸ್ತೀಯಾ? ಹೊಲಕ್ಕೆ ಹೋಗ್ಬೇಕು.”

ಬೆಲ್ಟ್ ಇಳಿಯಲಿಲ್ಲ. ಪ್ರಯೋಗ ಮುಗಿದಾಗ ಕನ್ನಡಿಯಲ್ಲಿ ಒಂದೇ ಒಂದು ಗೆರೆ ಇರಲಿಲ್ಲ.

ಹೊರಡುವ ದಿನ ಥೆಸಲೋನಿಕಿಯಲ್ಲಿ ಮೆಲ್ಪೊ ಬಂದದ್ದು ಹೇಗೆಂದರೆ, ಯಾವುದೋ ಹಳೆಯ ಹತ್ತಿ ದಿಂಬಿನ ಚೀಲದಿಂದ ತಾನೇ ಹೊಲಿದ ಮಾಸ್ಕ್ ತೊಟ್ಟು. ನೂರು ಸಲ ಒಗೆದು ಮೃದುವಾದ ಬಟ್ಟೆ, ಅಂಚಿನಲ್ಲಿ ಬಣ್ಣ ಮಾಸಿದ ಸಣ್ಣ ನೀಲಿ ಹೂ. ಕಿವಿಗೆ ದಾರವೇ ಇಲ್ಲ, ಎರಡು ಲಾಡಿಗಳು ತುರುಬಿನ ಹಿಂದೆ ಸಡಿಲವಾಗಿ ಗಂಟು ಬಿದ್ದಿದ್ದವು. ಎವಾಂಥಿಯಾ ಅದನ್ನು ನೋಡಿ ಮನಸ್ಸಿನಲ್ಲೇ ನಕ್ಕಳು. ಪಾಪ, ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಅರ್ಧ ಗಂಟೆಯಲ್ಲಿ ಗೊತ್ತಾದದ್ದು ಬೇರೆ. ಮೆಲ್ಪೊ ಕಿಟಕಿಯ ಪಕ್ಕ, ಎವಾಂಥಿಯಾ ನಡುವೆ, ಈಚೆ ತುದಿಯಲ್ಲಿ ಒಬ್ಬ ಜರ್ಮನ್ ಗಂಡಸು. ಚಕ್ರ ನೆಲ ಬಿಟ್ಟಿತೋ ಇಲ್ಲವೋ, ಮೆಲ್ಪೊ ಕಿಟಕಿಗೆ ತಲೆ ಆನಿಸಿ ನಿದ್ದೆಹೋದಳು. ಇತ್ತ ಪ್ಲಾಸ್ಟಿಕ್ ಬುಟ್ಟಿ ಮೂಗಿನ ಮೂಳೆಯನ್ನು ಒತ್ತತೊಡಗಿತು. ಕೊಕ್ಕೆಪಟ್ಟಿ ತಲೆಗೂ ಸೀಟಿಗೂ ನಡುವೆ ಸಿಕ್ಕಿ ಕುತ್ತಿಗೆಯನ್ನು ಮುಂದಕ್ಕೆ ತಳ್ಳುತ್ತಿತ್ತು. (ಅಡುಗೆಮನೆಯ ಕುರ್ಚಿಗೆ ಅಷ್ಟೆತ್ತರದ ಬೆನ್ನು ಇರಲಿಲ್ಲವೆಂಬುದು ಈಗ ಹೊಳೆಯಿತು.) ಪುದೀನ ಎಣ್ಣೆ ಎರಡು ಹನಿಯ ಬದಲು ಆರೇಳು ಬಿದ್ದಿತ್ತು. ಪ್ರತಿ ಉಸಿರೂ ತಣ್ಣಗೆ ಮೂಗಿಗೆ ಹೋಗಿ ಬಿಸಿಯಾಗಿ ಕಣ್ಣಿಗೆ ಬರುತ್ತಿತ್ತು.

ಎವಾಂಥಿಯಾ ಪಕ್ಕಕ್ಕೆ ತಿರುಗಿ ಮೆಲ್ಪೊಳನ್ನು ನೋಡತೊಡಗಿದಳು. ನೋಡುವುದನ್ನು ಬಿಟ್ಟರೆ ಕತ್ತು ಬೇರೆ ಯಾವ ಕೆಲಸಕ್ಕೂ ತಿರುಗುತ್ತಿರಲಿಲ್ಲ. ಆ ಹಳೆಯ ಬಟ್ಟೆ ಉಸಿರಿನ ಜೊತೆ ಮೆಲ್ಲಗೆ ಉಬ್ಬಿ ಮೆಲ್ಲಗೆ ಇಳಿಯುತ್ತಿತ್ತು, ಬೆಳಗಿನ ಕಿಟಕಿಯ ಪರದೆಯ ಹಾಗೆ. ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. ಎಷ್ಟು ಹಿತವಾಗಿದ್ದಾಳೆ ಇವಳು, ಎಷ್ಟು ಚೆನ್ನಾಗಿ ಒಪ್ಪುತ್ತದೆ ಇವಳಿಗೆ, ಎಂದು ಮನಸ್ಸು ತುಂಬಿ ಅಂದುಕೊಂಡಳು.

ಹಾಗೆ ಅಂದುಕೊಂಡ ಮೇಲೆ ಮಾಡಬೇಕಾದ ಕೆಲಸ ಒಂದಿತ್ತು. ಮೂರು ಸಲ ಥೂ ಥೂ ಥೂ ಎಂದು ಉಗುಳಿಬಿಡಬೇಕು, ಇಲ್ಲದಿದ್ದರೆ ಹೊಗಳಿಸಿಕೊಂಡವರಿಗೆ ದೃಷ್ಟಿ ತಾಗುತ್ತದೆ. ಎವಾಂಥಿಯಾ ಅಭ್ಯಾಸಬಲದಿಂದ ತುಟಿ ಮುಂದೆ ತಂದಳು. ತುಟಿ ಬುಟ್ಟಿಗೆ ತಾಗಿತು. ಉಗುಳಿದರೆ ಎಲ್ಲಿಗೆ ಹೋದೀತು? ಒಳಗೇ. ತುಟಿಯ ಬಣ್ಣದ ಮೇಲೇ. ಮೂವತ್ತು ವರ್ಷ ಕಾದು ಹಚ್ಚಿದ ಬಣ್ಣ. ಅವಳು ಒಂದು ಕ್ಷಣ ಯೋಚಿಸಿದಳು, ಆಮೇಲೆ ತುಟಿಯನ್ನು ಹಿಂದಕ್ಕೆಳೆದುಕೊಂಡಳು. ಇಳಿದ ಮೇಲೆ ಉಗುಳಿದರಾಯಿತು.

ನೋಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮೆಲ್ಪೊ ಎಚ್ಚರವಾದದ್ದು ಹಣೆ ಹಿಡಿದುಕೊಂಡೇ. ತಲೆ ಸಿಡಿಯುತ್ತಿದೆ, ಕಣ್ಣಿಗೆ ಕತ್ತಲೆ ಎಂದಳು. ಮುಖ ಸುಣ್ಣದಂತಾಗಿತ್ತು. ಎವಾಂಥಿಯಾಳ ಕಡೆ ಬಾಗಿ ಮೆಲ್ಲನೆ ಹೇಳಿದಳು.

“ಅಕ್ಕ, ನಂಗೆ ಯಾರದೋ ಕಣ್ಣು ಬಿದ್ದಿದೆ.”

“ಯಾರದು ಬೀಳತ್ತೆ? ನಿದ್ದೆ ಮಾಡ್ತಿದ್ದೆ ನೀನು.”

“ಆ ಕಡೆ ಕೂತವನ ಕಣ್ಣು ನೀಲಿ. ನೋಡಿದ್ರಾ?”

ಎವಾಂಥಿಯಾ ಅದನ್ನು ನೋಡಿರಲಿಲ್ಲ. ಈಗ ನೋಡಿದಳು, ಆಪದ್ಬಾಂಧವನನ್ನು ನೋಡುವ ಹಾಗೆ. ನೀಲಿಯೇ. ನೀಲಿ ಕಣ್ಣು ಕೆಟ್ಟದ್ದೆಂಬುದು ಕೊಜಾನಿಯಲ್ಲಿ ಕೂಸಿಗೂ ಗೊತ್ತು. “ಅವನೇ,” ಎಂದಳು, “ಹತ್ತಿದಾಗಿನಿಂದ ನೋಡ್ತಾನೇ ಇದ್ದ.” ಆ ಮನುಷ್ಯ ಪಾಪ ಪದಬಂಧ ತುಂಬುತ್ತಿದ್ದ.

ಆದರೆ ಕಷ್ಟ ಅಷ್ಟಕ್ಕೆ ಮುಗಿಯಲಿಲ್ಲ. ಆ ಮನೆತನದಲ್ಲಿ ದೃಷ್ಟಿ ತೆಗೆಯುವ ಮಂತ್ರ ಗೊತ್ತಿದ್ದದ್ದು ಎವಾಂಥಿಯಾಳಿಗೊಬ್ಬಳಿಗೇ. ಅವಳಿಗೆ ಅದನ್ನು ಅವಳ ಅಜ್ಜ ಹೇಳಿಕೊಟ್ಟಿದ್ದ. ಬಾಯೊಳಗೇ ಹೇಳಬೇಕು, ಮೂರು ಸಲ ಶಿಲುಬೆಯ ಗುರುತು ಹಾಕಬೇಕು. ಆಗ ಬಿದ್ದ ದೃಷ್ಟಿ ಹೇಳುವವಳಿಗೆ ಆಕಳಿಕೆಯಾಗಿ ಬಂದು ಹೊರಗೆ ಹೋಗುತ್ತದೆ. ದೃಷ್ಟಿ ಎಷ್ಟು ಬಲವೋ ಆಕಳಿಕೆ ಅಷ್ಟು. ನೆರೆಮನೆಯ ಮೇಕೆಯ ದೃಷ್ಟಿ ತೆಗೆದಾಗ ಐದು ಬಂದಿತ್ತು. ಊರಿಗೆಲ್ಲ ಸುಂದರಿಯಾದ ಒಬ್ಬ ಮದುಮಗಳಿಗೆ ಒಂಬತ್ತು ಬಂದು, ಅದೇ ಇವತ್ತಿನವರೆಗಿನ ದಾಖಲೆಯಾಗಿತ್ತು.

ಎವಾಂಥಿಯಾ ಮೆಲ್ಪೊಳ ಕೈ ಹಿಡಿದು ಶುರುಮಾಡಿದಳು. ಮೊದಲ ಆಕಳಿಕೆ ಸಣ್ಣದು. ನಾಲ್ಕನೆಯದಕ್ಕೆ ಬುಟ್ಟಿ ಅಡ್ಡ ತಿರುಗಿ ಕೆನ್ನೆಗೆ ಚುಚ್ಚಿಕೊಂಡಿತು. ಏಳನೆಯದಕ್ಕೆ ಕೊಕ್ಕೆಪಟ್ಟಿ ಟಪ್ಪೆಂದು ಕಡಿದು ಹಿಂದಿನ ಸಾಲಿಗೆ ಹಾರಿತು. ಹತ್ತು, ಹನ್ನೊಂದು. ಪುದೀನದ ಹಬೆ ಕಣ್ಣಿಗೆ ನುಗ್ಗಿ ಕಣ್ಣೀರು ಧಾರೆಯಾಯಿತು. ಗಗನಸಖಿ ಬಂದು ಮಾಸ್ಕ್ ಸರಿ ಮಾಡಿಕೊಳ್ಳಿರೆಂದು ವಿನಯದಿಂದ ಹೇಳಿದಾಗ ಹದಿನಾರು. ಒಬ್ಬಳು ಬಿಳಿಚಿಕೊಂಡು ನರಳುವುದನ್ನೂ, ಇನ್ನೊಬ್ಬಳು ಅಳುತ್ತ ಬಾಯಿ ತೆರೆಯುತ್ತ ಅವಳ ಮೇಲೆ ಏನೋ ಪಿಸುಗುಡುವುದನ್ನೂ ಕಂಡ ಜರ್ಮನ್ ಗಂಡಸು, ಆ ಕಾಲದಲ್ಲಿ ಯಾರಾದರೂ ಅಂದುಕೊಳ್ಳುವಂಥದ್ದನ್ನೇ ಅಂದುಕೊಂಡು, ಪದಬಂಧವನ್ನು ಎದೆಗೊತ್ತಿಕೊಂಡು ಕೊನೆಯ ಸಾಲಿಗೆ ಹೊರಟುಹೋದ. ಇಪ್ಪತ್ತಮೂರಕ್ಕೆ ನಿಂತಿತು.

ಇಪ್ಪತ್ತಮೂರು. ಎವಾಂಥಿಯಾ ಆಕಳಿಕೆಗಳಿಗೆ ಮುರಿದು ಮಡಿಲಲ್ಲಿ ಬಿದ್ದ ಬುಟ್ಟಿಯ ಚೂರುಗಳನ್ನು ನೋಡುತ್ತ ಕೂತಳು. ಇಷ್ಟು ದಿನ ಮೆಲ್ಪೊಳ ಮೇಲೆ ತನಗಿರುವುದು ಬರಿಯ ಸಿಟ್ಟು ಎಂದುಕೊಂಡಿದ್ದಳು. ಪಕ್ಕದಲ್ಲಿ ಮೆಲ್ಪೊಳ ಕೆನ್ನೆಗೆ ಬಣ್ಣ ಮರಳುತ್ತಿತ್ತು.

“ಎಷ್ಟು ಬಲವಾದ ಕಣ್ಣು, ಅಕ್ಕ. ನಿಮ್ಮನ್ನ ಹಿಂಡಿಹಾಕಿಬಿಡ್ತು.”

“ನೀಲಿ ಕಣ್ಣು ಅಂದ್ರೆ ಸುಮ್ನೇನಾ,” ಎಂದಳು ಎವಾಂಥಿಯಾ, ಕಿಟಕಿಯ ಆಚೆ ನೋಡುತ್ತ.

ಮೆಲ್ಪೊ ಚೀಲ ತೆರೆದು ಇನ್ನೊಂದು ಮಾಸ್ಕ್ ತೆಗೆದಳು. ಅದೇ ಬಟ್ಟೆ, ಅದೇ ನೀಲಿ ಹೂ. ಎರಡು ಹೊಲಿದಿದ್ದೆ, ನೀವು ಹಾಕಿಕೊಳ್ಳುವುದಿಲ್ಲವೆಂದು ಕೊಟ್ಟಿರಲಿಲ್ಲ ಎನ್ನುತ್ತ ತಾನೇ ಅವಳ ಮುಖಕ್ಕಿಟ್ಟು ಹಿಂದೆ ಲಾಡಿ ಕಟ್ಟಿದಳು. ಎವಾಂಥಿಯಾಳಿಗೆ ಆ ದಿನ ಆದ ಅನ್ಯಾಯಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ: ಮಾಸ್ಕ್ ನಿಜಕ್ಕೂ ಹಿತವಾಗಿತ್ತು. ಉಸಿರು ಆಡುತ್ತಿತ್ತು, ಕಿವಿ ಇದೆಯೆಂಬುದೇ ಮರೆತುಹೋಗುತ್ತಿತ್ತು.

ಇಳಿದ ಮೇಲೆ ಬಾಗಿಲ ಬಳಿ ಮಾಸ್ಕ್ ತೆಗೆಯಲು ಹೋದರೆ, ಕಟ್ಟಡದಿಂದ ಹೊರಗೆ ಹೋಗುವವರೆಗೆ ತೆಗೆಯುವಂತಿಲ್ಲವೆಂದು ಕಾವಲಿನವನು ಕೈಸನ್ನೆ ಮಾಡಿದ. ಅಷ್ಟರಲ್ಲಿ ಲಾಂಬ್ರೋಸನ ಫೋನು ಮಿನುಗಿತ್ತು. ಒಂದೇ ಬಟ್ಟೆಯ ಮಾಸ್ಕ್ ತೊಟ್ಟ ಇಬ್ಬರು ಹೆಂಗಸರು. ಗೆರೆಯಿಲ್ಲ, ಬಣ್ಣವಿಲ್ಲ, ಮುಖವೇ ಇಲ್ಲ. ಕಾಣುವುದು ಎರಡು ಜೊತೆ ಕಣ್ಣು. ಮೆಲ್ಪೊಳದು ನಿದ್ದೆ ಮಾಡಿ ತಿಳಿಯಾದದ್ದು, ಎವಾಂಥಿಯಾಳದು ಕೆಂಪಗೆ ಊದಿ ಇನ್ನೂ ನೀರು ಸುರಿಸುತ್ತಿದ್ದದ್ದು.

ಥೆಕ್ಲಾ ಆ ಕಣ್ಣೀರು ಕಂಡಿದ್ದೇ ನಿಯಮಗಳನ್ನೆಲ್ಲ ಮರೆತು ಓಡಿಬಂದು ತಬ್ಬಿಕೊಂಡಳು. ಕಾರು ಹತ್ತುವ ಮೊದಲೇ ಕೊಜಾನಿಯಿಂದ ಅತ್ತೆಯ ಕರೆ ಬಂತು. ಕಿವಿ ಮಂದವಾದ್ದರಿಂದ ಅವರು ಎಲ್ಲರಿಗೂ ಕೇಳುವಂತೆಯೇ ಮಾತಾಡುತ್ತಿದ್ದರು.

“ಫೋಟೋ ನೋಡ್ದೆ. ಮೆಲ್ಪೊ ಬಿಡು, ಸಂತೆಗೆ ಹೊರಟವಳ ಹಾಗಿದ್ದಾಳೆ. ಹಿರೇ ಸೊಸೆ ನೋಡು. ನಾದಿನಿ ಮುಖ ಕಾಣೋ ಮೊದ್ಲೇ ಕಣ್ಣೀರು ಹಾಕಿದಾಳೆ. ಈ ಮನೇಲಿ ಹೃದಯ ಅಂತ ಇರೋದು ಅವಳಿಗೇ.”

ಎವಾಂಥಿಯಾ ಅತ್ತೆಯ ಬಾಯಿಂದ ಇಂಥದ್ದನ್ನು ಕೇಳಿದ್ದು ಮೊದಲ ಸಲ. ಅಲ್ಲ ಅತ್ತೆ, ಅದು ಪುದೀನ ಎಂದು ಹೇಳುವಷ್ಟು ಅವಳ ಮನಸ್ಸು ದೊಡ್ಡದಾಗಿರಲಿಲ್ಲ. ಮೆಲ್ಪೊ ಕಾರಿನ ಹಿಂದಿನ ಸೀಟಿನಲ್ಲಿ ಪಕ್ಕದಲ್ಲಿ ಕೂತು, ಎವಾಂಥಿಯಾಳನ್ನು ಒಂದು ಸಲ ನೋಡಿದಳು, ಕಿಟಕಿಯ ಕಡೆ ತಿರುಗಿದಳು, ಮತ್ತೆ ನೋಡಿದಳು. ಎರಡನೆಯ ನೋಟ ಸ್ವಲ್ಪ ಉದ್ದವಾಗಿತ್ತು.

ಥೆಕ್ಲಾಳ ಮನೆ ಸೇರುವಷ್ಟರಲ್ಲಿ ಎವಾಂಥಿಯಾಳ ತಲೆಯ ಎಡಭಾಗದಲ್ಲಿ ಏನೋ ಮಿಡಿಯತೊಡಗಿತು. ಮೊದಲು ಸಣ್ಣಗೆ, ಆಮೇಲೆ ಸ್ಪಷ್ಟವಾಗಿ. ತಲೆನೋವು. ಅವಳು ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ಗೊತ್ತಿದ್ದವಳಿಗೆ ಗುರುತು ಹೇಳಿಕೊಡಬೇಕೆ? ಮೂವತ್ತು ವರ್ಷದಲ್ಲಿ ಯಾರ ಕಣ್ಣೂ ಅವಳ ಮೇಲೆ ಬಿದ್ದಿರಲಿಲ್ಲ. ಈಗ ಬಿದ್ದಿತ್ತು, ಅದೂ ಮೆಲ್ಪೊಳದು. ಎದೆಯೊಳಗೆ ಹಬ್ಬದ ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿದಂತಾಯಿತು. (ತಲೆಯೊಳಗೂ.)

ಅಡುಗೆಮನೆಯಲ್ಲಿ ಅವಳು ಹಣೆ ಹಿಡಿದು ಕೂತದ್ದನ್ನು ಥೆಕ್ಲಾ ನೋಡಿ ಮಾತ್ರೆ ತರಲೇ ಎಂದಳು. ಎವಾಂಥಿಯಾ ಬೇಡವೆಂದಳು. ಹಾಗಾದರೆ ಸ್ವಲ್ಪ ಮಲಗು ಎಂದರೆ ಅದಕ್ಕೂ ಒಪ್ಪಲಿಲ್ಲ. ಅವಳ ಮುಖದಲ್ಲಿ ರಾಣಿಯ ಗಾಂಭೀರ್ಯವಿತ್ತು. ಮೆಲ್ಪೊ ಒಲೆಯ ಮುಂದೆ ನಿಂತು ತಾನೇ ಕಾಫಿ ಕುದಿಸಿ, ನೊರೆ ಒಡೆಯದಂತೆ ಪುಟ್ಟ ಬಟ್ಟಲಿಗೆ ಸುರಿದು, ತಂದು ಅವಳ ಮುಂದಿಟ್ಟಳು.

“ಕುಡೀರಿ ಅಕ್ಕ. ಬಣ್ಣ ಹೋಗತ್ತೆ ಅಂತ ಬೆಳಗಿನಿಂದ ಒಂದು ಗುಟುಕು ಕಾಫಿ ಬಾಯಿಗೆ ಹಾಕಿಲ್ಲ ನೀವು. ತಲೆ ನೋಯದೆ ಇನ್ನೇನಾಗತ್ತೆ? ಎರಡು ಗುಟುಕಿಗೆ ಹೋಗಿಬಿಡತ್ತೆ, ನೋಡಿ.”

ಕಾಫಿಯ ಪರಿಮಳ ಮೂಗಿಗೆ ಬಂತು. ಎವಾಂಥಿಯಾ ನೊರೆಯನ್ನು ನೋಡಿದಳು, ಮೆಲ್ಪೊಳ ತಿಳಿಯಾದ ಕಣ್ಣುಗಳನ್ನು ನೋಡಿದಳು, ಮತ್ತೆ ನೊರೆಯನ್ನು ನೋಡಿದಳು. ನಾಲಿಗೆ ಒದ್ದೆಯಾಯಿತು. ಎರಡು ಗುಟುಕಿಗೆ ಆ ತಲೆನೋವು ನಿಜವಾಗಿಯೂ ಹೋಗಿಬಿಟ್ಟರೆ?

ಅವಳು ಬಟ್ಟಲನ್ನು ಒಂದು ಬೆರಳಿನಿಂದ ಮೆಲ್ಲಗೆ ಆಚೆ ಸರಿಸಿದಳು.